ಗೌರವ್ವನ ಅಂಗೈ

೧೯೩೪, ಜುಲೈ ೧೨. ಗೋಕಾಕ

ದವಾಖಾನೆಗೆ ಮೂವತ್ತೊಂದು ಜನ. ಹೆಚ್ಚಿನವರದು ಮಲೇರಿಯಾ. ಕ್ವಿನೈನ್ ಮುಗಿಯುತ್ತ ಬಂತು.

ಕೌಜಲಗಿಯ ಗೌರವ್ವ ಮತ್ತೆ ಬಂದಿದ್ದಳು. ಚೈತ್ರದಲ್ಲಿ ಬೆಲ್ಲದ ಗಾಣದ ಕುದಿಯುವ ಪಾಕ ಬಿದ್ದು ಸುಟ್ಟ ಎಡಗೈ. ಅಂಗೈ ಇನ್ನೂ ಹಸಿ ಮಾಂಸ. ನೋವಿನ ಮಾತೇ ಆಡುವುದಿಲ್ಲ. ಪೂಜೆಗೆ ಲಿಂಗ ಹಿಡಿಯಲು ಎಡ ಅಂಗೈಯೇ ಬೇಕು, ಅದೊಂದೇ ಚಿಂತೆ. ಪೂಜೆ ನಿಂತು ಮೂರು ತಿಂಗಳಾಯಿತಂತೆ. ನಿನ್ನ ತೊಡೆಯ ಚರ್ಮವನ್ನೇ ತೆಗೆದು ಹಚ್ಚೋಣ ಎಂದೆ. ತಲೆ ತಗ್ಗಿಸಿ ಕುಳಿತಳು. ಗಂಡಸಿನ ಮುಂದೆ ತೊಡೆ ತೋರಿಸುವವಳಲ್ಲ. ನರ್ಸ್ ಬೇಕೆಂದರೆ ಬೆಳಗಾವಿಗೇ ಹೋಗಬೇಕು.

ಹಳೆಯ ಪುಸ್ತಕದಲ್ಲಿ ಇನ್ನೊಂದು ದಾರಿ ಇದೆ... ಕಪ್ಪೆಯ ಚರ್ಮ.

ಜುಲೈ ೧೪

ಮಾಡಿಬಿಟ್ಟೆ. ಕಂಪೌಂಡರ್ ಉದ್ದಪ್ಪ ಹೊಳೆಯ ದಂಡೆಯಿಂದ ಆರು ಕಪ್ಪೆ ಹಿಡಿದು ತಂದ. ಅವಳಿಗೆ ಕ್ಲೋರೋಫಾರ್ಮ್ ಕೊಟ್ಟಿದ್ದೆ. ಬೇರೆ ಚರ್ಮ ಹಚ್ಚುತ್ತೇನೆ ಎಂದಷ್ಟೇ ಹೇಳಿದ್ದೆ. ಇರುವೆ ಸಾಲು ಕಂಡರೆ ಕಾಲೆತ್ತಿ ದಾಟುವ ಹೆಂಗಸು. ಗೊತ್ತಾಗಿದ್ದರೆ ಒಪ್ಪುತ್ತಿರಲಿಲ್ಲ.

ಎಚ್ಚರವಾದ ಮೇಲೆ ಕೇಳಿದಳು: "ಯಾರ ತೊಗಲ್ರಿ ಇದು?"

"ನಂದ," ಎಂದೆ. ಬಾಯಿಗೆ ಬಂದದ್ದು ಅದೇ. ತೊಡೆ ಮುಟ್ಟಿ ತೋರಿಸಿದೆ ಬೇರೆ.

ಜುಲೈ ೨೨

ಪಟ್ಟಿ ಬಿಚ್ಚಿದೆ. ಚರ್ಮ ಹತ್ತಿಕೊಂಡಿದೆ! ಮುಂಬೈಯ ಡಾಕ್ಟರುಗಳ ಪತ್ರಿಕೆಗೆ ಲೇಖನ ಶುರು ಮಾಡಿದೆ. ಮೊದಲ ಪುಟದಲ್ಲಿ ನನ್ನ ಹೆಸರು ದಪ್ಪಗೆ ಬರೆದೆ.

ಗೌರವ್ವನಿಗೆ ಅಣ್ಣತಮ್ಮಂದಿರಿಲ್ಲ. ಇನ್ನು ಮೇಲೆ ನಾನೇ ಅಣ್ಣನಂತೆ. ಕುಂಟುತ್ತ ಬಾಗಿಲತನಕ ಹೋಗಿ ಕಳಿಸಿ ಬಂದೆ. ಉದ್ದಪ್ಪ ಬಾಟಲಿ ತೊಳೆಯುತ್ತಿದ್ದ. "ಸಾಹೇಬ್ರ, ಮೊನ್ನೆ ಬಲಗಾಲು ಕುಂಟತಿದ್ರಿ," ಎಂದ. ನಗು ಬರಲಿಲ್ಲ.

ಆಗಸ್ಟ್ ೨

ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಿದ್ದಾಳಂತೆ. ದಿನಾ ನನ್ನ ಹೆಸರು ಹೇಳಿ ಬೇಡಿಕೊಳ್ಳುತ್ತಾಳೆ ಎಂದು ಅವಳ ಗಂಡ ಹೇಳಿಹೋದ. ನನ್ನ ಕೊರಳಲ್ಲೂ ಲಿಂಗವಿದೆ. ಇವತ್ತು ಪೂಜೆಗೆ ಕೂರಲಾಗಲಿಲ್ಲ.

ಆಗಸ್ಟ್ ೧೪. ಪಂಚಮಿ

ಅಣ್ಣನಿಗೆಂದು ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಕೊಂಡು ಬಂದಳು. ಮೈಯೆಲ್ಲ ಜ್ವರ. ಕೈಗೆ ಸುತ್ತಿಕೊಂಡ ಬಟ್ಟೆಯಿಂದ ವಾಸನೆ. ಬಿಚ್ಚಿದೆ — ಚರ್ಮ ಕರಗಿ ಬರೀ ಕೀವು. ಮಣಿಕಟ್ಟಿನಿಂದ ಮೇಲಕ್ಕೆ ಕೆಂಪು ಗೆರೆ.

ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: "ತಪ್ಪಾತ್ರಿ ಅಣ್ಣಾ. ನೀವು ಮೈಯಾಗಿಂದ ಕಿತ್ತು ಕೊಟ್ರಿ, ನನಗ ಉಳಿಸಿಕೊಳ್ಳಾಕ ಆಗಲಿಲ್ಲ."

ಆಗಲೂ ಹೇಳಲಿಲ್ಲ. ಹೇಡಿ ನಾನು. ಅವಳನ್ನು ಗಂಡನ ಜೊತೆ ಮಿರಜದ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಲೇಖನ ಹರಿದು ಹಾಕಿದೆ. ಉಂಡಿಯ ಗಂಟು ಮೇಜಿನ ಮೇಲೆಯೇ ಇದೆ. ಬಿಚ್ಚಲು ಕೈ ಬರುತ್ತಿಲ್ಲ.

ಸೆಪ್ಟೆಂಬರ್ ೯

ಬಂದಳು. ಎಡಗೈಯನ್ನು ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿದ್ದಾರೆ. ಜೀವ ಉಳಿದದ್ದೇ ಹೆಚ್ಚು.

ಬಾಗಿಲಲ್ಲಿ ಕಂಡದ್ದೇ ಅವಳ ಹತ್ತಿರ ಓಡಿದೆ. ಕುಂಟುವುದು ಮರೆತೇಹೋಯಿತು. ಅವಳು ನನ್ನ ಕಾಲನ್ನೇ ನೋಡಿದಳು. ಸಿಕ್ಕಿಬಿದ್ದೆ ಎಂದುಕೊಂಡೆ. ಒಳಗೊಳಗೆ ಹಗುರವೂ ಆಯಿತು.

"ನಿಮ್ಮ ಗಾಯ ಮಾಯ್ತಲ್ರಿ ಅಣ್ಣಾ," ಎಂದಳು. "ನನಗ ಅಷ್ಟ ಸಾಕು."

ಲಿಂಗವನ್ನು ಇನ್ನು ಯಾವ ಕೈಯಲ್ಲಿ ಹಿಡಿಯಬೇಕೋ ಮಠದ ಸ್ವಾಮಿಗಳನ್ನು ಕೇಳುತ್ತಾಳಂತೆ.

ಸೆಪ್ಟೆಂಬರ್ ೧೦, ಬೆಳಿಗ್ಗೆ ೬

ಕೌಜಲಗಿಗೆ ಹೋಗುತ್ತೇನೆ. ಚಕ್ಕಡಿ ಬಂದು ನಿಂತಿದೆ. ಹೋಗಿ ಏನು ಹೇಳುತ್ತೀರಿ ಎಂದು ಉದ್ದಪ್ಪ ಕೇಳಿದ. ಇದ್ದದ್ದನ್ನೇ ಎಂದೆ. ಅವಳೆದುರು ಬಾಯಿ ಕಟ್ಟಬಾರದು, ಮೊದಲ ಮಾತನ್ನು ಇಲ್ಲಿ ಬರೆದು ನೋಡುತ್ತೇನೆ.

ತಂಗೀ, ಆ ತೊಗಲು ನಂದಲ್ಲ. ಅದು —