ಅಪ್ಪನ ಕಣ್ಣಿನ ವಿಷಯ

ಕದಿರೇಶ,

ಸುಗಟೂರಿನ ಶಾಲೆಗೆ ಮೊದಲ ಬಸ್ಸಿಗೇ ಹೊರಟೆ. ಸೊಪ್ಪಿನ ಸಾರು ಮಾಡಿಟ್ಟಿದ್ದೇನೆ, ಅಪ್ಪನಿಗೆ ಬಿಸಿ ಮಾಡಿ ನೀನೇ ಬಡಿಸು. ಒಲೆಯ ಹತ್ತಿರ ಅವರನ್ನು ಬಿಡಬೇಡ.

ನಿನ್ನೆ ಕೋಲಾರದಲ್ಲಿ ಕಣ್ಣಿನ ಡಾಕ್ಟರು, "ಇದು ಪೊರೆ ಅಲ್ಲಮ್ಮ, ಆಪರೇಷನ್ ಮಾಡಿದ್ರೂ ಪ್ರಯೋಜನ ಇಲ್ಲ. ವಯಸ್ಸಾಗಿ ಕಣ್ಣಿನ ಹಿಂದಿನ ಪರದೆ ನಡುವೆ ಸವೆದಿದೆ" ಅಂದರು. ನಲವತ್ತು ವರ್ಷ ಇಟ್ಟಿಗೆ ಗೂಡಿನ ಬೆಂಕಿ ನೋಡಿದ ಕಣ್ಣು. ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ, "ಕದಿರೇಶನಿಗೆ ಹೇಳ್ಬೇಡ ಕಣೇ, ಹೆದರ್ಕೋತಾನೆ" ಅಂದರು. ನನಗೂ ಒಬ್ಬಳೇ ಹೊತ್ತು ಸಾಕಾಗಿದೆ, ಹೇಳಿಬಿಟ್ಟೆ.

ಮೊನ್ನೆ, "ಮಾತಾಡ್ಸಿದ್ರೆ ಮುಖ ತಿರುಗಿಸ್ತೀರ" ಎಂದು ಅವರ ಮೇಲೆ ರೇಗಿಬಿದ್ದೆಯಲ್ಲ? ನೇರವಾಗಿ ನೋಡಿದರೆ ನಿನ್ನ ಮುಖವಿರುವಲ್ಲಿ ಅವರಿಗೆ ಬರೀ ಕಪ್ಪು. ಪಕ್ಕಕ್ಕೆ ತಿರುಗಿದರಷ್ಟೇ ನೀನು ಕಾಣುತ್ತೀಯ.

ಅಕ್ಕ ಶಾಮಲ