ಹೊಸ ಮೇಡಂ ಕಲಿಸಿದ ದಶಾಂಶ

ಚನ್ನರಾಯಪಟ್ಟಣ
ಶ್ರಾವಣ ಸೋಮವಾರ, 1946

ಯಜಮಾನರ ಪಾದಕ್ಕೆ ಅನುಸೂಯ ಮಾಡುವ ನಮಸ್ಕಾರ.

ತವರಿನಲ್ಲಿ ನಾನೂ ಮಗುವೂ ಚೆನ್ನಾಗಿದ್ದೇವೆ. ನಿಮ್ಮ ಕಾಗದ ಬಂತು. ಅದರ ತುಂಬ ನಿಮ್ಮ ಸ್ಕೂಲಿಗೆ ಬಂದಿರುವ ಹೊಸ ಮೇಡಂ ರತ್ನಾಬಾಯಿಯವರೇ ಇದ್ದಾರೆ. ಬಿಂದುವನ್ನು ಕದಲಿಸದೆ, ಅಂಕಿಗಳನ್ನೇ ಮನೆಯಿಂದ ಮನೆಗೆ ಸರಿಸಿ ಅವರು ದಶಾಂಶ ಕಲಿಸುವ ಬಗೆಯನ್ನು ಹೊಗಳಿದ್ದೀರಿ. ಹಿಂದೆ ನಾನು ಲೆಕ್ಕ ಹೇಳಿಕೊಡಿ ಎಂದು ಕೇಳಿದಾಗ "ನಿಂಗ್ಯಾಕೆ ಅದೆಲ್ಲ" ಅಂದಿದ್ದಿರಿ. ಒಲೆಯ ಮುಂದೆ ಒಮ್ಮೆಯೂ ಕೂರದ ನೀವು ಅವರಿಗೆ ಕಾಫಿ ಕಾಯಿಸಿ ಕೊಟ್ಟಿರಂತೆ.

ನಿಮ್ಮ ಕಾಗದ ನೋಡಿಕೊಂಡೇ ಅಂಗಳದಲ್ಲಿ ಸುಣ್ಣದಿಂದ ಮನೆಗಳನ್ನು ಗೀಚಿದೆ: ನೂರು, ಹತ್ತು, ಬಿಡಿ, ಆಮೇಲೆ ಬಿಂದು, ಅದರ ಬಲಕ್ಕೆ ಹತ್ತನೇ ಭಾಗ, ನೂರನೇ ಭಾಗ. 2.5 ಬರೆದೆ. ಹತ್ತರಿಂದ ಗುಣಿಸಿದಾಗ ಅಂಕಿಗಳು ಎಡಕ್ಕೆ ಒಂದೊಂದು ಮನೆ ಸರಿದು 25 ಆಯಿತು. ಅದೇ 2.5 ಅನ್ನು ನೂರರಿಂದ ಗುಣಿಸಿದಾಗ ಎರಡೆರಡು ಮನೆ ಸರಿದವು. ಬರಿದಾದ ಬಿಡಿಯ ಮನೆಯಲ್ಲಿ ಸೊನ್ನೆ ಇಟ್ಟೆ, 250. ಮತ್ತೆ 2.5 ಬರೆದು ಹತ್ತರಿಂದ ಭಾಗಿಸಿದಾಗ ಬಲಕ್ಕೆ ಸರಿದು 0.25.

"ಇದೇನೇ, ರಂಗೋಲಿನಾ?" ಎಂದು ಅಮ್ಮ ಕೇಳಿದಳು.

"ಲೆಕ್ಕ ಕಣಮ್ಮ" ಅಂದೆ.

ಲೆಕ್ಕ ಬಂತು, ಹೊಟ್ಟೆಯುರಿ ಮಾತ್ರ ಹೋಗಲಿಲ್ಲ. ಆ ಮೇಡಂ ನಿಜವಾಗಿಯೂ ಚೆನ್ನಾಗಿ ಕಲಿಸುತ್ತಾರೆ. ನನಗೆ ಅದೇ ಹೆಚ್ಚು ಸಂಕಟ.

ಬಾಣಂತನ ಮುಗಿಯಲಿ ಎಂದು ಅಮ್ಮ ತಡೆಯುತ್ತಿದ್ದಾಳೆ. ನಾನು ಇರುವುದಿಲ್ಲ. ಶುಕ್ರವಾರ ಗಾಡಿ ಕಟ್ಟಿಸಿಕೊಂಡು ನೀವೇ ಬನ್ನಿ. ಬರುವಾಗ ಒಂದು ಕುಲಾವಿ ತನ್ನಿ, ಇಲ್ಲಿ ಗಾಳಿ ಜಾಸ್ತಿ.

ಮಗಳು ಯಾರ ಹಾಗಿದ್ದಾಳೆ ಎಂದು ನೀವು ಕೇಳಿಲ್ಲ. ನಾನೂ ಬರೆಯುವುದಿಲ್ಲ, ಬಂದು ನೋಡಿ.

ಇಂತಿ ನಿಮ್ಮ
ಅನುಸೂಯ