ಕಡವಿನ ಐದು ದಿನಗಳ ವಿಡಿಯೊ

ನಿಕೊಪೊಲ್
ಅಕ್ಟೋಬರ್ ೧೪, ಮಂಗಳವಾರ

ಚಿರಂಜೀವಿಯಾಗಿ ಇರಲೇಬೇಕಾದ ನನ್ನ ತಮ್ಮ ಸ್ತಾಮೆನ್‌ಗೆ,

ನಿನ್ನ ಮಂಡಿನೋವು ಹೇಗಿದೆ? ಎಲ್ಲಿದ್ದರೂ ಸಂಜೆಯ ಹೊತ್ತು ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿರುವೆ ಎಂದು ನಂಬಿದ್ದೇನೆ. 'ಎಲ್ಲಿದ್ದರೂ' ಎಂಬ ಮಾತನ್ನು ಎರಡು ಬಾರಿ ಹೊಡೆದುಹಾಕಿ ಮತ್ತೆ ಬರೆದೆ. ನನ್ನ ಹೆಸರಿನವರೆಲ್ಲ ಆಚರಿಸುವ ಹೆಸರಿನ ಹಬ್ಬದ ಊಟದಲ್ಲಿ ನನ್ನನ್ನು ಹರಸಿ ನೀನಾಡಿದ ನಾಲ್ಕು ಮಾತುಗಳನ್ನು ಎಲ್ಲರೆದುರು ಮೂರು ಬಾರಿ ತಿದ್ದಿದೆ. "ಅಣ್ಣ, ನಿನ್ನ ಕಣ್ಣಿಗೆ ನಾನಿನ್ನೂ ಫೇಲಾದ ಹುಡುಗಾನೇ ಬಿಡು" ಎಂದು ರಾಕಿಯಾ ಮದ್ಯದ ಲೋಟವನ್ನು ಕೆಳಗಿಟ್ಟು ಎದ್ದುಹೋದವನು ನೀನು. ಇಂದಿಗೆ ಮೂವತ್ತು ದಿನ. ಡ್ಯಾನ್ಯೂಬ್ ನದಿಯ ಜೊಂಡಿನಲ್ಲಿ ನಿನ್ನ ಟೋಪಿ ಸಿಕ್ಕ ಮೇಲೆ, ನೀನು ಮುಳುಗಿದೆಯೆಂದು ಪೊಲೀಸರು ಹುಡುಕುವುದನ್ನೇ ಬಿಟ್ಟರು.

ದೋಣಿ ಕಡವಿನ ಕಾವಲುಗಾರ, ನೀನು ಎದ್ದುಹೋದ ಮರುದಿನದಿಂದ ಐದು ದಿನಗಳ ವಿಡಿಯೊವನ್ನು ನನಗೆ ಕೊಟ್ಟಿದ್ದಾನೆ. ಅದನ್ನು ನೋಡುವ ಧೈರ್ಯ ನಿನ್ನ ಹೆಂಡತಿ ರಾಯ್ನಾಳಿಗಿಲ್ಲ. ಪೊರೆ ಬಂದ ನನ್ನ ಕಣ್ಣಿಗೆ ದಡದ ಜನರೆಲ್ಲ ಒಂದೇ ನೆರಳು. ಆದ್ದರಿಂದ ನಿನ್ನ ಕಿತ್ತಳೆ ಬಣ್ಣದ ಕೋಟನ್ನು ಹುಡುಕಲು ಒಂದು ಪ್ರೋಗ್ರಾಂ ಬರೆದೆ. ನಿವೃತ್ತನಾದ ಮೇಲೆ ಗ್ರಂಥಾಲಯದಲ್ಲಿ ಕಲಿತ ವಿದ್ಯೆ. ಪಾಠವನ್ನು ಪೂರ್ತಿ ಓದದೆ ಉತ್ತರ ಬರೆಯಕೂಡದೆಂದು ನಲವತ್ತು ವರ್ಷ ಬೋಧಿಸಿದವನು ನಾನು. ಯಂತ್ರಕ್ಕೂ ಅದನ್ನೇ ವಿಧಿಸಿದೆ: ಮೊದಲು ಇಡೀ ವಿಡಿಯೊವನ್ನು ಮೆಮೊರಿಗೆ ತುಂಬಿಕೋ, ಅನಂತರ ಹುಡುಕು. ಡಿಸ್ಕಿನಲ್ಲಿ ಮಡಚಿ ಮಲಗಿದ್ದ ಕಡತ ಮೆಮೊರಿಯಲ್ಲಿ ಬಿಚ್ಚಿಕೊಂಡು ನೂರಾರು ಪಟ್ಟು ಹಿಗ್ಗುತ್ತದೆಂಬುದನ್ನು ಅರಿಯದೆ ಹೋದೆ. ಹನ್ನೊಂದು ದಿನ ಅದು ತುಂಬಿತು, ಉಸಿರುಗಟ್ಟಿತು, ನಿಂತಿತು. ವಿಡಿಯೊದ ಒಂದು ಚಿತ್ರವನ್ನೂ ನೋಡಲಿಲ್ಲ.

ಅಷ್ಟರಲ್ಲಿ ರಾಯ್ನಾ ನಿನ್ನ ಸಾವನ್ನು ಸಾರುವ ಮರಣಪತ್ರಕ್ಕೆ ನಿನ್ನ ಫೋಟೊ ಆರಿಸಿ, ಅಚ್ಚು ಹಾಕಿಸಿಯೂ ತಂದಳು. ಭಾನುವಾರ ಅದನ್ನು ಬಾಗಿಲಿಗೂ ಬೀದಿಯ ಮರಗಳಿಗೂ ಅಂಟಿಸುವಳಂತೆ. ಬೇಡವೆಂದು ಅಂಗಲಾಚಿದೆ. "ನಿಮ್ಮ ಡಬ್ಬ ಬಾಯಿ ಬಿಡೋ ತನಕ ನಾನು ಹೆಂಡತಿಯೋ ವಿಧವೆಯೋ ಗೊತ್ತಿಲ್ದೆ ಕೂತಿರ್ಲಾ, ಭಾವ?" ಎಂದಳು.

ಇಂದು ಬೆಳಿಗ್ಗೆ ನಾಚಿಕೆ ಬಿಟ್ಟು ಗ್ರಂಥಪಾಲಕಿ ಯೊರ್ದಾಂಕಾಳಿಗೆ ಪ್ರೋಗ್ರಾಂ ತೋರಿಸಿದೆ. "ಮೇಷ್ಟ್ರೇ, ಇಡೀ ಡ್ಯಾನ್ಯೂಬನ್ನ ಬಕೆಟ್ಟಿಗೆ ತುಂಬ್ಕೊಂಡು ಮೀನು ಹುಡುಕೋಕೆ ಹೊರಟಿದ್ದೀರಲ್ಲ! ಒಂದು ಚಿತ್ರ ತಗೊಳ್ಳಿ, ನೋಡಿ, ಬಿಟ್ಬಿಡಿ. ಆಮೇಲೆ ಮುಂದಿನದು. ಬಿಡೋದಕ್ಕೇ ಬರಲ್ಲ ನಿಮಗೆ, ಅದೇ ರೋಗ" ಎಂದು ನಾಲ್ಕು ಸಾಲು ಬದಲಿಸಿದಳು. ಈ ಪತ್ರ ಬರೆಯುತ್ತಿರುವಾಗ ಪಕ್ಕದಲ್ಲಿ ಯಂತ್ರ ಓಡುತ್ತಿದೆ. ಕಡವಿನ ಕ್ಯಾಮೆರಾಕ್ಕೆ ದೋಣಿಯೂ ಕಾಣುತ್ತದೆ, ನೀರಿನ ಅಂಚೂ ಕಾಣುತ್ತದೆ. ಇಷ್ಟು ದಿನ ಅದು ನಿಂತುಹೋಯಿತೆಂದು ಗೋಳಾಡಿದವನು, ಈಗ ನಿಂತರೆ ಸಾಕೆನ್ನುತ್ತಿದ್ದೇನೆ.

ದೇವರು ನಿನ್ನ ಕಾಲಡಿಗೆ ಒಣನೆಲವನ್ನು ಕೊಟ್ಟಿರಲಿ.

ನಿನ್ನ ಅಣ್ಣ,
ಕ್ರಸ್ತ್ಯೊ

ತಾ.ಕ.: ಸಿಕ್ಕಿದೆ! ಮೊದಲ ದಿನವೇ, ಬೆಳಿಗ್ಗೆ ಏಳು ನಲವತ್ತಕ್ಕೆ, ಕಿತ್ತಳೆ ಕೋಟು, ಬರಿತಲೆ. ರಾಯ್ನಾಳನ್ನು ಕೂಗಿ ಕರೆದೆ. "ಕೈಲಿರೋ ಚೀಲ ನೋಡಿ ಭಾವ, ಟೊಮೇಟೊ! ಸಾಯೋಕೆ ಹೋಗೋನು ಯಾರಾದ್ರೂ ಎರಡು ಕಿಲೊ ಟೊಮೇಟೊ ಹೊತ್ಕೊಂಡು ಹೋಗ್ತಾನಾ?" ಎಂದು ನಿನ್ನನ್ನು ಬಾಯಿಗೆ ಬಂದಂತೆ ಬೈಯುತ್ತಲೇ ಅತ್ತಳು. ಮರಣಪತ್ರಗಳನ್ನು ಒಲೆಗೆ ಹಾಕಿದಳು. ಮುಂದಿನ ಚಿತ್ರಗಳಲ್ಲಿ ನೀನು ದೋಣಿ ಹತ್ತಿದೆ. ಐದೂ ದಿನಗಳ ವಿಡಿಯೊ ಮುಗಿಯಿತು. ಹಿಂತಿರುಗಿ ಇಳಿದದ್ದು ಎಲ್ಲಿಯೂ ಇಲ್ಲ. ನಾಳೆ ಮೊದಲ ದೋಣಿಗೆ ನಾನು ಆಚೆ ದಡಕ್ಕೆ ಬರುತ್ತೇನೆ. ಅಲ್ಲಿಂದ ಮುಂದಕ್ಕೆ ನನ್ನ ಬಳಿ ಒಂದು ಚಿತ್ರವೂ ಇಲ್ಲ.